ಹೊಗೆಕೊಳವೆಗೆ ಎರಡು ಕೊಡೆ

ನೀಲಗಿರಿಯ ಚಳಿಯನ್ನು ಬಯಲುಸೀಮೆಯ ನೆಂಟರು ಎರಡು ದಿನ ಮೆಚ್ಚಿ ಹಿಂದಿರುಗುತ್ತಾರೆ. 2,200 ಮೀಟರಿಗೂ ಎತ್ತರದ ಉದಕಮಂಡಲದಲ್ಲಿ ನೆಲೆಸಿರುವ ನಮಗೆ ಅದರೊಡನೆಯೇ ಸಂಸಾರ. ಡಿಸೆಂಬರ್, ಜನವರಿಗಳಲ್ಲಿ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಂದು ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಮಂಚದ ಪಕ್ಕ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಮಲಗುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಚೆನ್ನಾಗಿ ಹೊತ್ತಿದ ಇದ್ದಿಲು ಹೊಗೆಯಾಡದು. ಜನ ಅದನ್ನು ನಂಬುವುದೂ ಅದಕ್ಕೇ. ಆದರೆ ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರನ್ನು ಅದು ಎಬ್ಬಿಸುವುದಿಲ್ಲ.

ಎಂಬತ್ತು ದಾಟಿದ ನನ್ನ ಅಕ್ಕನೂ ಹಾಗೆಯೇ ಮಲಗುತ್ತಿದ್ದರು. ಹೇಳಿ ಹೇಳಿ ಸಾಕಾಗಿ, ಅವರ ಕೋಣೆಗೆ ಕಬ್ಬಿಣದ ಸೌದೆ ಒಲೆಯನ್ನೂ ಉಕ್ಕಿನ ಹೊಗೆಕೊಳವೆಯನ್ನೂ ಹಾಕಿಸಿದೆ. ಒಲೆ ಕೂರಿಸುವುದು ಒಂದೇ ದಿನದಲ್ಲಿ ಮುಗಿಯಿತು. ಕೊಳವೆ ಛಾವಣಿಯನ್ನು ದಾಟುವ ಒಂದು ಗೇಣು ಜಾಗ ಮಾತ್ರ ವರ್ಷವಿಡೀ ಕಾಡಿತು.

ತೋಡರ ಹಳೆಯ ಮನೆಗಳಿಗೆ ಈ ತೊಡಕಿರಲಿಲ್ಲ. ಅರೆಪೀಪಾಯಿಯಂತೆ ಬಾಗಿದ ಆ ಮನೆಗೆ ತೆವಳಿ ಒಳಹೋಗುವಷ್ಟು ಚಿಕ್ಕ ಬಾಗಿಲು. ಹೊಗೆ ಹುಲ್ಲಿನ ಹೊದಿಕೆಯಲ್ಲೇ ಸೋಸಿ ಹೊರಹೋಗುತ್ತಿತ್ತು. ನಮ್ಮದು ತಗಡಿನ ಛಾವಣಿ, ಕೆಳಗೆ ಮರದ ಹಲಗೆಯ ಸೀಲಿಂಗು. ಬೆಂಕಿ ಹಲಗೆಗೆ ತಾಗಬಾರದು, ಮಳೆ ಒಳಗಿಳಿಯಬಾರದು, ಚಳಿಗಾಳಿ ನುಸುಳಬಾರದು.

ಮೊದಲು ಬಂದ ಗಾರೆಯವರು ಕೊಳವೆಯ ಸುತ್ತ ಸಿಮೆಂಟು ಮೆತ್ತಿ ಹೋದರು. ಆಷಾಢದ ಮಳೆಗೆ ಅದು ಬಿರಿದು ಹಲಗೆ ನೆನೆಯಿತು. ಬಂಡಿಯ ಚಕ್ರಕ್ಕೆ ಕಾದ ಪಟ್ಟಿ ತೊಡಿಸುವ ಉದಾಹರಣೆಯನ್ನು ನಾನು ತರಗತಿಯಲ್ಲಿ ಎಷ್ಟು ವರ್ಷ ಹೇಳಿದ್ದೇನೋ! ಹತ್ತು ಅಡಿಯ ಉಕ್ಕಿನ ಕೊಳವೆ 200 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು 7 ಮಿಲಿಮೀಟರ್ ಬೆಳೆಯುತ್ತದೆ, ಆರಿದಾಗ ಕುಗ್ಗುತ್ತದೆ. ದಿನವೂ ಹೀಗೆ ಏರಿಳಿಯುವುದನ್ನು ಸಿಮೆಂಟು ಹಿಡಿದಿಡಲಾರದು.

ಆಮೇಲೆ ಬಂದವರು ತಗಡಿನ ಕೆಲಸದ ಒಬ್ಬ ವೃದ್ಧರು. ಮೇಲೆ ಹತ್ತಿ ನೋಡಿ ಇಳಿದವರೇ, “ಮೇಷ್ಟ್ರೇ, ಸೂರಿಗೊಂದು ಕೊಡೆ, ಕೊಳವೆಗೊಂದು ಕೊಡೆ. ಒಂದಕ್ಕೊಂದು ಅಂಟಬಾರದು” ಎಂದರು. ಆಲಿಕೆಯನ್ನು ಬೋರಲು ಹಾಕಿದಂಥ ತಗಡೊಂದನ್ನು ಛಾವಣಿಗೆ ಕೂಡಿಸಿದರು. ಅದರ ಮೇಲಂಚು ಮೇಲಿನ ಶೀಟಿನ ಅಡಿಗೆ, ಕೆಳಂಚು ಕೆಳಗಿನ ಶೀಟಿನ ಮೇಲಕ್ಕೆ, ಹೆಂಚು ಹೊದಿಸುವ ಕ್ರಮದಲ್ಲೇ. ಅದರ ಬಾಯಿಯ ಸಂದನ್ನು ಮರೆಮಾಡುವಂತೆ ಕೊಳವೆಗೆ ಇನ್ನೊಂದು ಪಟ್ಟಿ ಬಿಗಿದರು. ಒಳಗೆ ಕೊಳವೆಯ ಸುತ್ತಲೂ ಒಂದೂವರೆ ಅಡಿ ಹಲಗೆ ಕತ್ತರಿಸಿ, ಉಕ್ಕಿನ ತಗಡು ಮುಚ್ಚಿ, ಕೊಳವೆಗೂ ತಗಡಿಗೂ ನಡುವೆ ಗಾಜಿನ ನಾರಿನ ಹಗ್ಗ ತುರುಕಿದರು. ಈಗ ಕೊಳವೆ ಜಾರುತ್ತದೆ, ಗಾಳಿ ನುಸುಳುವುದಿಲ್ಲ. ಪದವಿಯಿಲ್ಲದ ಅವರ ಭೌತಶಾಸ್ತ್ರಕ್ಕೆ ನಾನು ಮನಸಾರೆ ಪೂರ್ಣಾಂಕ ಕೊಟ್ಟೆ.

ಸಂದುಗಳೆಲ್ಲ ಮುಚ್ಚಿದ ಮೇಲೆ ಬೆಂಕಿ ಮಂಕಾಯಿತು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ತಿರುಗಿದಾಗ ಒಲೆಯ ಬಾಯಿ ತೆರೆದರೆ ಹೊಗೆ ಕೋಣೆಗೇ ಮರಳುತ್ತಿತ್ತು. ಕೊಳವೆ ಎಷ್ಟು ಗಾಳಿಯನ್ನು ಹೊರಹಾಕುವುದೋ ಅಷ್ಟು ಒಳಬರಲೇಬೇಕಲ್ಲ! ಗೋಡೆ ಕೊರೆದು, ಹೊರಗಿನ ಗಾಳಿ ನೇರವಾಗಿ ಒಲೆಯ ಬುಡಕ್ಕೆ ಬರುವಂತೆ ಸಣ್ಣ ಕೊಳವೆಯೊಂದನ್ನು ಹಾಕಿಸಿದೆವು. ಅಗ್ಗಿಷ್ಟಿಕೆ ಹಿತ್ತಿಲು ಸೇರಿತು. ಅಕ್ಕನ ತಲೆದೆಸೆಯಲ್ಲಿ ಆ ವಿಷಾನಿಲ ಕಂಡರೆ ಕೂಗುವ ಪುಟ್ಟ ಯಂತ್ರವೂ ಇದೆ. ಅದು ಕೂಗುತ್ತದೆಯೇ ಎಂದು ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡುವುದು ಅಕ್ಕನದೇ ಕೆಲಸ.