ಗೋಡೆಯ ಮರೆ

ಇನ್ನೆರಡು ಕಟ್ಟಿಗೆ ಒಟ್ಟಿ, ಹೇಳ್ತೀನಿ. ನಾನಾಗ ಪುಣೆಯ ಹಿಂಜವಾಡಿಯ ಎರಡನೇ ಫೇಸಿನಲ್ಲಿ ಕೆಲಸಕ್ಕಿದ್ದೆ. ವಿಜಯಪುರದಿಂದ ಬಂದ ಅಪ್ಪನಿಗೆ ಹತ್ತನೇ ಮಹಡಿಯ ಫ್ಲ್ಯಾಟು ಮೂರೇ ದಿನಕ್ಕೆ ಬೇಸರವಾಗಿ, ಬೆಳಗಾದರೆ ಮಾಣ ಊರಿನ ಕಡೆ ನಡೆದುಬಿಡುತ್ತಿದ್ದರು. ಗಾಜಿನ ಕಟ್ಟಡಗಳ ಬೆನ್ನಿಗೇ ಅಲ್ಲಿನ್ನೂ ಹೊಲ, ಕೊಟ್ಟಿಗೆಗಳಿದ್ದವು.

ಅಲ್ಲೊಬ್ಬ ರೈತ ಸಂಕ್ರಾಂತಿಗೆ ನಮ್ಮ ಸಿದ್ಧೇಶ್ವರ ಜಾತ್ರೆಯಿಂದಲೇ ಖಿಲಾರಿ ಎತ್ತು ಕೊಂಡು ತಂದಿದ್ದ. ಅಪ್ಪನಿಗೆ ನೆಂಟನೇ ಸಿಕ್ಕಂತಾಯಿತು. ಖಿಲಾರಿ ಗೊತ್ತಲ್ಲ, ಓಟಕ್ಕೆ ಹೆಸರು, ಹೊಸಬರನ್ನು ಹತ್ತಿರ ಸೇರಿಸೋದಿಲ್ಲ. ಒಂದು ದಿನ ಅದು ಮೇವು ಮುಟ್ಟಿರಲಿಲ್ಲ. ಚೈತ್ರ ಹುಣ್ಣಿಮೆಗೆ ಹಿಂಜವಾಡಿಯ ಊರದೇವರು ಮ್ಹಾತೋಬಾನ ಜಾತ್ರೆ ಬೇರೆ, ರೈತ ಗಾಬರಿಯಾಗಿದ್ದ. ಡಾಕ್ಟರು ಬಂದರು, ಇನ್ನೂ ಎಳೆಯ ಹುಡುಗ. ನಾಲ್ಕು ಮಂದಿ ಮೂಗುದಾರ ಜಗ್ಗಾಡಿ ಅಂತೂ ಜ್ವರ ನೋಡಿದರೆ 103 ಡಿಗ್ರಿ. ಸೂಜಿ ತೆಗೆದರು.

ಅಪ್ಪ ಅಂದರು: "ಡಾಕ್ಟ್ರ, ಇಷ್ಟೊತ್ತು ಕುಸ್ತಿ ಹಿಡದೀರಿ. ನಿಮ್ಮದೂ ನೋಡ್ಕೋರಿ, ನಿಮಗೂ ಜ್ವರ ಬಂದಿರ್ತದ."

ಹೆದರುತ್ತಲೇ ಮರಾಠಿಯಲ್ಲಿ ಹೇಳಿದೆ. ಹುಡುಗ ನಕ್ಕು ಸೂಜಿ ಕೆಳಗಿಟ್ಟ.

"ಎಲ್ಲಾರೂ ಈಚೆ ಬರ್ರಿ," ಅಂದರು ಅಪ್ಪ. "ಅದು ನಮ್ಮನ್ನ ಕಾಯಾಕತ್ತೈತಿ."

ಗೋಡೆಯ ಮರೆಗೆ ಕೂತು ಚಹಾ ಕುಡಿದೆವು. ದನಕ್ಕೆ ಸುತ್ತಲೂ ಕಾಣುತ್ತದೆ, ನೇರ ಬೆನ್ನ ಹಿಂದಿನದು ಮಾತ್ರ ಕಾಣದು. ಕಣ್ಣಳತೆಯಲ್ಲಿ ಹೊಸಬ ಇದ್ದರೆ ನೋವು ತೋರಗೊಡದೆ ನಾಲ್ಕು ಕಾಲ ಮೇಲೂ ನೆಟ್ಟಗೆ ನಿಲ್ಲುತ್ತದೆ. ಕಾಡಿನಲ್ಲಿ ಹುಲಿ ಮೊದಲು ಆರಿಸುವುದು ಕುಂಟುವುದನ್ನೇ ಅಲ್ಲವೇ? ಡಾಕ್ಟರು ಇದನ್ನೆಲ್ಲ ಓದಿದವರೇ. ಅರ್ಧ ಗಂಟೆ ಸುಮ್ಮನೆ ಕೂರಲು ಯಾರು ಬಿಡುತ್ತಾರೆ, ಪಾಪ.

ಮೊದಲು ಕಿವಿ ಸಡಿಲಾದವು. ಆಮೇಲೆ ಎಡ ಮುಂಗಾಲು ಮೆಲ್ಲಗೆ ಎದ್ದು, ತುದಿ ಮಾತ್ರ ನೆಲಕ್ಕೆ ತಾಗಿತು.

ಅಪ್ಪ ಒಬ್ಬರೇ ಹೆಗಲಿನ ಕಡೆಯಿಂದ, "ಹೋ... ಬಾ ನನ್ನಪ್ಪ" ಅನ್ನುತ್ತ ಹೋದರು. ಎತ್ತಿಗೆ ಕನ್ನಡ ತಿಳಿಯಿತು ಅಂತ ರೈತ ಆಣೆ ಮಾಡುತ್ತಾನೆ. ನನಗೇನೋ ದನಿಯ ಗುಣವೇ ಅನ್ನಿಸುತ್ತೆ. ಗೊರಸಿನ ಸೀಳಿನಲ್ಲಿ ಕಟ್ಟಡ ಕೆಲಸದ ಮೊಳೆ! ಮೊಳೆ ಕಿತ್ತು ಗಾಯ ತೊಳೆಯುವ ಮೊದಲು ಡಾಕ್ಟರು ಮತ್ತೆ ಜ್ವರ ನೋಡಿದರು, ನೂರೊಂದೂವರೆ. ಎತ್ತಿಗೆ ಅದು ಸರಿಯಾದ ಲೆಕ್ಕವೇ.

ಹೊರಡುವಾಗ ಡಾಕ್ಟರು ಹೇಳಿದರು: ಫ್ಲ್ಯಾಟಿನ ಬೆಕ್ಕುಗಳನ್ನು ಬುಟ್ಟಿಯಲ್ಲಿ ತರುತ್ತಾರೆ, ಹೆದರಿಕೆಗೇ ಅವುಗಳ ರಕ್ತದ ಸಕ್ಕರೆ ಏರಿಬಿಡುತ್ತದೆ, ಸಕ್ಕರೆ ಕಾಯಿಲೆ ಅಂತ ಮೋಸಹೋಗಬಹುದು.

ಅಪ್ಪನಿಗೆ ಹಿಗ್ಗೋ ಹಿಗ್ಗು. "ನಂದು ಬಿಪಿನೂ ಹಂಗರೀ, ದವಾಖಾನ್ಯಾಗ ಅಷ್ಟೇ ಏರ್ತದ."

ಅದೊಂದನ್ನು ಮಾತ್ರ ನಾನು ಮರಾಠಿಗೆ ತರಲಿಲ್ಲ. ಗುಳಿಗೆ ಬಿಡಲು ಅವರಿಗೆ ಡಾಕ್ಟರರ ಸಾಕ್ಷಿಯೇ ಸಿಕ್ಕಿಬಿಡುತ್ತಿತ್ತು.