ಮೂರು ಗಾಜಿನ ಕಿಡಕಿ

ನವಲಗುಂದದ ಬದಿಯ ಹಳ್ಳಿ, ಮೇ ತಿಂಗಳ ಮೊದಲ ವಾರ. ಹಳೆಯ ಮಣ್ಣಿನ ಮನೆಯ ಪಡಸಾಲೆಗೆ ಬಂದಿದ್ದೀರಿ. ಗೋಡೆ ಎರಡು ಮೊಳ ದಪ್ಪ. ಅಂಗೈ ಒತ್ತಿ ನೋಡಿ, ತಣ್ಣಗಿದೆ. ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ, ಗೋಡೆಯಲ್ಲೊಂದು ಸಣ್ಣ ಕಿಡಕಿ. ಅಷ್ಟೇ.

ಪಕ್ಕದಲ್ಲೇ ಈ ಮನೆಯವರ ಮಗನ ಹೊಸ ಮನೆ ಏಳುತ್ತಿದೆ. ಪಡುವಣ ಗೋಡೆಯಲ್ಲಿ ಆರಡಿ ಅಗಲದ ಕಿಡಕಿಗೆ ಜಾಗ ಬಿಟ್ಟಿದ್ದಾರೆ. ಬಿಸಿಲಿಗಿಟ್ಟ ಅಲ್ಯುಮಿನಿಯಂ ಚೌಕಟ್ಟು ಮುಟ್ಟಿದರೆ ಕೈ ಚುರ್ರೆನ್ನುತ್ತದೆ.

"ಗೌಂಡಿ ಮಾಮಾ, ಮೂರು ಗಾಜಿನ ಕಿಡಕಿ ಹಾಕಿದ್ರ ಮನಿ ತಂಪಿರತೈತಂತ. ಖರೇನ?"

"ಗಾಜು ಎಷ್ಟರ ಇರ್ಲಿ ತಮ್ಮಾ, ಬಿಸಲು ಒಳಗ ಬಂತಂದ್ರ ಮುಗೀತು."

ಗೌಂಡಿ ಹೇಳಿದ್ದೇ ಸರಿ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಸಿದ್ಧವಾದ ಮೊದಲ ಪ್ಯಾಸಿವ್ ಹೌಸ್‌ಗೆ, ಅಂದರೆ ತೀರಾ ಕಡಿಮೆ ಇಂಧನದಲ್ಲೇ ಬೆಚ್ಚಗಿರುವಂತೆ ಕಟ್ಟಿದ ಮನೆಗೆ, ಇಂಥದೇ ಮೂರು ಗಾಜಿನ ಕಿಡಕಿ ಇತ್ತು. ಹೊರಗೆ ಹಿಮ, ಒಳಗೆ ಬೆಚ್ಚಗೆ. ಆ ಕಾವನ್ನು ಹಿಡಿದಿಡುವುದು ಅಲ್ಲಿನ ಚಿಂತೆ. ಗಾಜುಗಳ ನಡುವೆ ತುಂಬಿದ ಅನಿಲ ಶಾಖವನ್ನು ಸುಲಭಕ್ಕೆ ದಾಟಗೊಡುವುದಿಲ್ಲ. ಆದರೆ ನೇರ ಬಿಸಿಲಿನ ದೊಡ್ಡ ಪಾಲು ಸಾದಾ ಗಾಜು ಮೂರಿದ್ದರೂ ಹಾಯ್ದು ಬಂದು ನೆಲ ಕಾಯಿಸುತ್ತದೆ. ಕಾದ ನೆಲದ ಶಾಖಕ್ಕೆ ಮಾತ್ರ ಹೊರಗೆ ಹೋಗಲು ದಾರಿಯಿಲ್ಲ. ಇಡೀ ಹೊತ್ತು ಎಸಿ ಓಡುವ ಮನೆಗಾದರೆ ಶಾಖವನ್ನು ಹಿಂದಕ್ಕೆ ತಳ್ಳುವ ಲೋ-ಇ ಲೇಪದ ಎರಡು ಗಾಜೇ ಸಾಕು ಎನ್ನುತ್ತೇನೆ.

ತೂಕದ ಮಾತೂ ಇದೆ. ನಾಲ್ಕು ಮಿಲಿಮೀಟರಿನ ಮೂರು ಗಾಜೆಂದರೆ ಚದರ ಮೀಟರಿಗೆ 30 ಕಿಲೋ. ಇದು ಎರಿ ಭೂಮಿ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಸರಿಯಿಲ್ಲದಿದ್ದರೆ ಮರದ ಬಾಗಿಲೇ ಬಿಗಿಯುತ್ತದೆ. ಅಂಚು ಮುಚ್ಚಿದ ಗಾಜಿನ ಗತಿ ಏನು?

ಗೌಂಡಿ ಪೆನ್ಸಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದ. ಪಡುವಣ ಕಿಡಕಿ ಆರಡಿಯಿಂದ ಎರಡಡಿಗೆ ಇಳಿಯಿತು. ಸಂಜೆಯ ಓರೆ ಬಿಸಿಲು ಛಜ್ಜಾದ ಕೆಳಗಿಂದ ನುಗ್ಗುತ್ತದೆ, ಆದ್ದರಿಂದ ಹೊರಗಡೆ ಮರದ ಕದ. ಒಳಗಿನ ಪರದೆ ಸಾಲದು. ಪರದೆ ಮುಟ್ಟುವಷ್ಟೊತ್ತಿಗೆ ಕಾವು ಗಾಜು ದಾಟಿ ಬಂದಾಗಿರುತ್ತದೆ. ದೊಡ್ಡ ಕಿಡಕಿ ಬಡಗಣಕ್ಕೆ, ಜಾಳಿ ಹಾಕಿ. ರಾತ್ರಿ ತೆರೆದಿಟ್ಟರೆ ಗಾಳಿ ಆಡುತ್ತದೆ.

"ಉಳಿದ ರೊಕ್ಕ?"

"ಮಾಳಿಗಿ ಮ್ಯಾಲ ಹಾಕು. ಈಗ ಸೂರ್ಯಾ ನಟ್ಟ ನಡು ನೆತ್ತಿ ಮ್ಯಾಲ ಅದಾನ. ಸ್ಲ್ಯಾಬಿಗೆ ಬಿಳಿ ಸುಣ್ಣ ಹೊಡಿ, ಆಮ್ಯಾಲ ಗಾಜಿನ ಮಾತು."