ಪಾಸ್ ಇರೋದು ದಿನಾ ಓಡಾಡೋರಿಗೆ

ಜಪಾನ್‌ಗೆ ಹೋಗ್ತೀವಿ ಅಂದ ತಕ್ಷಣ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರದ್ದೂ ಒಂದೇ ಮಾತು: "ಜೆಆರ್ ಪಾಸ್ ತಗೋ ಮಗಾ, ಕಣ್ಮುಚ್ಕೊಂಡು ತಗೋ." ಹೇಳಿದವರ ತಪ್ಪಲ್ಲ. ಅವರು ಹೋಗಿದ್ದು 2023ರ ಅಕ್ಟೋಬರ್‌ಗೆ ಮುಂಚೆ. ಆಗ ಏಳು ದಿನದ ಪಾಸಿಗೆ 29,650 ಯೆನ್. ಆ ಅಕ್ಟೋಬರ್‌ನಿಂದ ಅದು ಒಮ್ಮೆಲೇ 50,000 ಆಯ್ತು.

ನಾವು ಹೊರಟಿದ್ದು 2024ರ ಏಪ್ರಿಲ್‌ನಲ್ಲಿ. ನಾನು, ಹೆಂಡತಿ, ಅಪ್ಪ, ಅಮ್ಮ, ಏಳು ವರ್ಷದ ಮಗಳು. ಅಪ್ಪ ಕೆಎಸ್ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ವಿದೇಶಕ್ಕೆ ಇದೇ ಮೊದಲು. "ನಮ್ಮಿಬ್ಬರ ಟಿಕೆಟ್ ದುಡ್ಡು ನಾನೇ ಕೊಡೋದು, ಇಲ್ಲದಿದ್ರೆ ಬರಲ್ಲ" ಅಂತ ಮೊದಲೇ ಷರತ್ತು ಹಾಕಿದ್ದರು. ಹಾಗಾಗಿ ಪ್ರತಿ ಯೆನ್‌ಗೂ ನಾನು ಲೆಕ್ಕ ಒಪ್ಪಿಸಬೇಕಿತ್ತು. ನಮ್ಮ ಮನೆಯಲ್ಲಿ ಆಡಿಟ್ ಅಂದ್ರೆ ತಮಾಷೆ ಅಲ್ಲ.

ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟೆ. ಅಪ್ಪ ಕನ್ನಡಕ ಏರಿಸಿ ನೋಡಿದರು. "ಮಗುಗೆ?"

"ಆರು ತುಂಬಿದ್ರೆ ಹಾಫ್ ಟಿಕೆಟ್ ಅಪ್ಪಾ."

"ನಮ್ಮಂಗೇ," ಅಂದರು, ಖುಷಿಯಿಂದ. ಆಮೇಲೆ ಕೇಳಿದರು, "ಏಳು ದಿನದಲ್ಲಿ ದೂರದ ಪ್ರಯಾಣ ಎಷ್ಟು ಸಲ?"

ಒಂದೇ ಸಲ. ವಿಮಾನದ ಟಿಕೆಟ್ ಮಾಡುವಾಗಲೇ ಇಳಿಯೋದು ಟೋಕಿಯೋದಲ್ಲಿ, ವಾಪಸ್ ಹತ್ತೋದು ಒಸಾಕಾದಲ್ಲಿ ಅಂತ ಮಾಡಿದ್ದೆ. ಟೋಕಿಯೋದಿಂದ ಕ್ಯೋಟೋಗೆ ಒಂದು ಶಿಂಕಾನ್ಸೆನ್, ಅಷ್ಟೇ. ಕ್ಯೋಟೋ–ಒಸಾಕಾ ಸಾಮಾನ್ಯ ರೈಲಿನಲ್ಲಿ ಅರ್ಧ ಗಂಟೆ, ಆಗ 580 ಯೆನ್. ನಾರಾಗೆ 720. (ಟೋಕಿಯೋದ ಸಬ್‌ವೇಯಲ್ಲಿ ಜೆಆರ್ ಪಾಸ್ ನಡೆಯೋದೇ ಇಲ್ಲ. ಅಲ್ಲಿಗೆ ಪ್ರವಾಸಿಗರ 72 ಗಂಟೆಯ ಟಿಕೆಟ್ ಸಿಗುತ್ತೆ, 2024ರಲ್ಲಿ ಅದಕ್ಕೆ 1,500 ಯೆನ್ ಇತ್ತು, ಮರೆಯದೆ ತಗೊಳ್ಳಿ.)

"ಪಾಸ್ ಇರೋದು ದಿನಾ ಓಡಾಡೋರಿಗೆ ಕಣೋ," ಅಂದರು ಅಪ್ಪ. ಎಕ್ಸೆಲ್ ಶೀಟ್ ಕೂಡ ಅದನ್ನೇ ಹೇಳ್ತಿತ್ತು. ನಾಲ್ಕೂವರೆ ಪಾಸಿಗೆ 2,25,000 ಯೆನ್. ಆಗ ಯೆನ್‌ಗೆ ಸುಮಾರು 55 ಪೈಸೆ, ಅಂದರೆ ಒಂದು ಲಕ್ಷದ ಇಪ್ಪತ್ಮೂರು ಸಾವಿರ ರೂಪಾಯಿ. ಬಿಡಿಬಿಡಿಯಾಗಿ ತಗೊಂಡ್ರೆ, ಏರ್‌ಪೋರ್ಟ್‌ಗೆ ಹೋಗಿ ಬರುವ ರೈಲು ಸೇರಿ, ಐವತ್ತು ಸಾವಿರದ ಆಸುಪಾಸು.

ಅಲ್ಲಿಗೂ ನಿಲ್ಲಲಿಲ್ಲ. ಕ್ಯೋಟೋಗೆ ನೊಝೋಮಿ ಎರಡೂಕಾಲು ಗಂಟೆಯಲ್ಲಿ ಹೋಗುತ್ತೆ, ಒಬ್ಬರಿಗೆ ಸುಮಾರು 14,000. ಅದೇ ಹಳಿಯಲ್ಲಿ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಕೊಡಾಮ ಇದೆ, ಮೂರೂಮುಕ್ಕಾಲು ಗಂಟೆ ಹತ್ತಿರ ಬೇಕು. 'ಪುರಾತ್ತೊ ಕೊಡಾಮ' ಅನ್ನೋ ರಿಯಾಯಿತಿ ಟಿಕೆಟ್ ಮುಂಚಿತವಾಗಿ ತಗೊಂಡ್ರೆ ತಲೆಗೆ ಎರಡೂವರೆ ಸಾವಿರ ಯೆನ್‌ನಷ್ಟು ಆಗ ಉಳಿಯುತ್ತಿತ್ತು. ಆದರೆ ಹೇಳಿದ ರೈಲಿಗೇ ಹತ್ತಬೇಕು, ಬದಲಾಯಿಸೋ ಹಾಗಿಲ್ಲ. ನಮ್ಮ ಮನೆಗೆ ಆರು ಸಾವಿರ ರೂಪಾಯಿ ಉಳಿತಾಯ. ನನಗೆ ಮನಸ್ಸಿರಲಿಲ್ಲ. ಜಪಾನ್‌ಗೆ ಹೋಗಿ ಪ್ಯಾಸೆಂಜರ್ ರೈಲಾ? ಅಮ್ಮನ ಮಂಡಿ ನೋವು ಬೇರೆ. ಅಮ್ಮನೇ ಅಂದರು, "ಕೂತ್ಕೊಂಡು ಹೋಗೋದಕ್ಕೆ ಮಂಡಿ ಯಾಕೆ ನೋಯುತ್ತೆ? ನಾಲ್ಕು ಊರು ನೋಡ್ಬಹುದು." ಅಲ್ಲಿಗೆ ತೀರ್ಮಾನ ಆಯ್ತು.

ಬಲಗಡೆ ಕಿಟಕಿ ಸಿಕ್ಕಿತ್ತು. ಕ್ಯೋಟೋ ಕಡೆಗೆ ಹೋಗುವಾಗ ಫುಜಿ ಪರ್ವತ ಕಾಣೋದು ಆ ಕಡೆಯಿಂದಲೇ. ನೊಝೋಮಿ ನಿಲ್ಲದ ಶಿನ್-ಫುಜಿ ಸ್ಟೇಷನ್ನಿನಲ್ಲಿ ನಮ್ಮ ರೈಲು ನಿಂತಿತು. ಪಕ್ಕದ ಹಳಿಯಲ್ಲಿ ವೇಗದ ರೈಲೊಂದು ಧಡ್ ಅಂತ ದಾಟಿತು, ನಮ್ಮ ಬೋಗಿಯೇ ಅಲುಗಿತು. "ನಮ್ಮನ್ನ ಸೈಡಿಗೆ ಹಾಕಿ ಎಕ್ಸ್‌ಪ್ರೆಸ್ ಬಿಟ್ರು," ಅಂತ ಅಪ್ಪ ಮೊಮ್ಮಗಳಿಗೆ ಕ್ರಾಸಿಂಗ್ ಪಾಠ ಶುರು ಮಾಡಿದರು. ಹಿಮದ ಬೆಟ್ಟ ಕಿಟಕಿಯಲ್ಲಿ ಹಾಗೇ ನಿಂತಿತ್ತು. ಅಮ್ಮ ಮಾತಾಡಲೇ ಇಲ್ಲ.

ಆಮೇಲೆ ಕಂಡಕ್ಟರ್ ಬಂದರು. ಅಪ್ಪ ನೆಟ್ಟಗೆ ಕೂತು "ಟಿಕೆಟ್ ತೆಗ್ದಿಟ್ಕೋ" ಅಂತ ನನಗೆ ಅವಸರ ಮಾಡಿದರು. ಆದರೆ ಯಾವ ಸೀಟು ಮಾರಾಟವಾಗಿದೆ ಅನ್ನೋದು ಅವರ ಕೈಯಲ್ಲಿದ್ದ ಸಾಧನದಲ್ಲೇ ಇರುತ್ತೆ. ಅವರು ಯಾರನ್ನೂ ಕೇಳಲಿಲ್ಲ. ಬೋಗಿಯ ತುದಿಗೆ ಹೋಗಿ, ತಿರುಗಿ, ಟೋಪಿ ಹಾಕಿದ ತಲೆ ಬಗ್ಗಿಸಿ ಎಲ್ಲರಿಗೂ ನಮಸ್ಕರಿಸಿ ಮುಂದೆ ಹೋದರು. ಅಪ್ಪ ಸೀಟಿನಿಂದ ಅರ್ಧ ಎದ್ದಿದ್ದರು. ಬಾಗಿಲು ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಅತ್ತಲೇ ನೋಡ್ತಾ ಇದ್ದರು.

"ಮೂವತ್ತೆರಡು ವರ್ಷ," ಅಂದರು. ಮುಂದೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಎರಡು ದಿನ ಬಿಟ್ಟು ನಾರಾಗೆ ಹೋದಾಗ ಮೆಷಿನ್ನಿನಿಂದ ಸಣ್ಣ ಕಾಗದದ ಟಿಕೆಟ್ ತಗೊಂಡೆವು. ಇಳಿದ ಮೇಲೆ ಗೇಟಿಗೆ ಹಾಕಿದರೆ ಅದು ನುಂಗಿಬಿಡುತ್ತೆ ಅಂತ ಗೊತ್ತಾಗಿ ಅಪ್ಪ ಗೇಟಿನ ಮುಂದೆಯೇ ನಿಂತುಬಿಟ್ಟರು. ಪಕ್ಕದ ಕಿಟಕಿಯಲ್ಲಿದ್ದ ಸಿಬ್ಬಂದಿಗೆ ಟಿಕೆಟ್ ತೋರಿಸಿ, ಎದೆಯ ಜೇಬು ಮುಟ್ಟಿ ಸನ್ನೆ ಮಾಡಿದರು. ಆತ ನಕ್ಕು, ಅದರ ಮೇಲೊಂದು ಮುದ್ರೆ ಒತ್ತಿ, ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು. ಅಪ್ಪನೂ ಎರಡೂ ಕೈ ಚಾಚಿ ಇಸಿದುಕೊಂಡರು.